ಗರಾಜಿನಲ್ಲಿ ಚಳಿಗಾಲ ಕಳೆಯುವ ಎಲೆಕೋಸು: ಹಿತ್ತಲಲ್ಲೇ ಬೀಜ ಮಾಡಿಕೊಳ್ಳುವ ಬಗೆ

ಮಾಲೂರಿನ ಹತ್ತಿರ ನಮ್ಮಪ್ಪ ಮೂವತ್ತು ವರ್ಷ ಎಲೆಕೋಸು ಬೆಳೆದರು. ಆದರೆ ಎಲೆಕೋಸು ಹೂ ಬಿಟ್ಟಿದ್ದನ್ನು ಒಂದು ಸಲವೂ ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ನಮ್ಮ ಹಿತ್ತಲಿಂದ ವಿಡಿಯೋ ಕಾಲ್ ಮಾಡಿ, ಎದೆಮಟ್ಟ ಬೆಳೆದು ಹಳದಿ ಹೂ ತುಂಬಿಕೊಂಡಿದ್ದ ಗಿಡಗಳನ್ನು ತೋರಿಸಿದೆ. "ಸಾಸಿವೆ ಚೆನ್ನಾಗಿ ಬಂದಿದೆ ಕಣಮ್ಮ" ಅಂದರು. ಫೋನನ್ನು ಕೆಳಗೆ ತಿರುಗಿಸಿ, ಬುಡದಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದ ಕೋಸಿನ ಗಡ್ಡೆ ತೋರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಇದಕ್ಕೇನು ಹಾಕಿದೆ?"

ಹಾಕಿದ್ದೇನೂ ಇಲ್ಲ, ಕೊಟ್ಟಿದ್ದು ಚಳಿ. ಎಲೆಕೋಸು ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ ಕಟ್ಟುತ್ತದೆ, ನಡುವೆ ಒಂದು ಚಳಿಗಾಲ ದಾಟುತ್ತದೆ, ಮರುವರ್ಷ ಹೂ ಬಿಟ್ಟು ಬೀಜ ಕೊಟ್ಟು ಸಾಯುತ್ತದೆ. ಕಾಂಡ ಪೆನ್ಸಿಲ್ ದಪ್ಪ ಮೀರಿದ ಗಿಡಕ್ಕೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಒಂದೂವರೆ ಎರಡು ತಿಂಗಳಾದರೂ ಬಿಡದೆ ಸಿಗಬೇಕು. ಮೂರು ತಿಂಗಳು ಸಿಕ್ಕರೆ ಯೋಚನೆಯೇ ಇಲ್ಲ. ಮಾಲೂರಲ್ಲಿ ಡಿಸೆಂಬರ್ ರಾತ್ರಿ ನಮಗೆ ಸ್ವೆಟರ್ ಹಾಕಿಸುತ್ತದೆ, ಆದರೆ ಹಗಲಾದರೆ ಮತ್ತೆ ಇಪ್ಪತ್ತೈದರ ಬಿಸಿಲು. ಅದನ್ನು ಕೋಸು ಚಳಿಗಾಲ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದಕ್ಕೇ ಭಾರತದಲ್ಲಿ ಹಳೆಯ ಕೋಸಿನ ತಳಿಗಳ ಬೀಜ ಆಗುವುದು ಕುಲ್ಲು ಕಣಿವೆ, ಕಿನ್ನೌರ್, ಕಾಶ್ಮೀರದಂಥ ಬೆಟ್ಟದ ಸೀಮೆಯಲ್ಲಿ. ಕುಲ್ಲುವಿನ ಕತ್ರಾಯಿನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವೇ ಈ ಥರದ ತರಕಾರಿಗಳಿಗಾಗಿ ಇದೆ. ಬೆಂಗಳೂರಿನ ತಾರಸಿಯಲ್ಲಿ ಕೋಸು ಬೆಳೆಯುವವರಿಗೆ ಈ ಬರಹದಿಂದ ಪ್ರಯೋಜನ ಕಡಿಮೆ. ಹಿಮ ಬೀಳುವ ಊರಲ್ಲಿ ಮನೆ ಮಾಡಿ, ಹಿತ್ತಲಲ್ಲಿ ನಾಲ್ಕು ಪಾತಿ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಶುರು ಮಾಡುವ ಮೊದಲು ಅಡುಗೆಮನೆಯಲ್ಲಿ ಒಂದು ಕೋಸನ್ನು ಬುಡದಿಂದ ನೆತ್ತಿಗೆ ಉದ್ದಕ್ಕೆ ಸೀಳಿ ನೋಡಿ. ನಡುವೆ ಬಿಳೀ ದಿಂಡು ಅರ್ಧದವರೆಗೆ ಏರಿರುತ್ತದೆ. ನಾವು ಪಲ್ಯಕ್ಕೆ ಹೆಚ್ಚುವಾಗ ಬಿಸಾಡುವ ಭಾಗ ಅದು. ದಿಂಡಿನ ತುದಿಯಲ್ಲಿ, ಉಗುರಿನಷ್ಟಗಲದ ಎಲೆಗಳು ಒಂದರೊಳಗೊಂದು ಮಡಚಿಕೊಂಡಿರುವ ಜಾಗದಲ್ಲಿ ಸುಳಿ ಇದೆ. ದಿಂಡಿನ ಪಕ್ಕಕ್ಕೆ, ಪ್ರತಿ ಎಲೆ ಅಂಟಿಕೊಂಡಿರುವ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೊಗ್ಗು ಕಾಣುತ್ತದೆ. ಮುಂದಿನ ಮೇ ತಿಂಗಳಲ್ಲಿ ಹೂದಂಟು ಏಳುವುದು ಆ ಸುಳಿಯಿಂದ, ಈ ಮೊಗ್ಗುಗಳಿಂದ. ಚಳಿಗಾಲದಲ್ಲಿ ನಾವು ಕಾಯಬೇಕಾದ್ದು ಬೇರು, ದಿಂಡು, ಸುಳಿ, ಇಷ್ಟನ್ನೇ. ಸುತ್ತಲಿನ ಗಡ್ಡೆ ಹೊದಿಕೆ ಇದ್ದಂತೆ. ಕೊಳೆಯಲಿ, ಒಡೆಯಲಿ, ನೀವೇ ಕೊಯ್ದು ಪಲ್ಯ ಮಾಡಿ, ಗಿಡಕ್ಕೆ ಅದರಿಂದ ಜೀವಕ್ಕೇನೂ ಅಪಾಯವಿಲ್ಲ. ಇದು ಗೊತ್ತಿಲ್ಲದೆ ಮೊದಲ ವರ್ಷ ಗಡ್ಡೆ ಕೊಳೆತ ಗಿಡಗಳನ್ನೆಲ್ಲ ಕಾಂಪೋಸ್ಟ್ ಗುಂಡಿಗೆ ಎಸೆದೆ. ಅವುಗಳಲ್ಲಿ ಅರ್ಧದಷ್ಟಕ್ಕಾದರೂ ಜೀವ ಇತ್ತು ಅಂತ ಈಗ ಅನ್ನಿಸುತ್ತದೆ.

ಪೊಟ್ಟಣದ ಮೇಲೆ ಏನು ಬರೆದಿದೆ ನೋಡಿ

ಹೈಬ್ರಿಡ್ ಅಥವಾ ಎಫ್1 (ಎರಡು ತಳಿ ಕೂಡಿಸಿ ಮಾಡಿದ ಮೊದಲ ತಲೆಮಾರು) ಅಂತ ಇದ್ದರೆ ಅದರಲ್ಲಿ ಬೀಜ ಮಾಡುವ ಗೋಜಿಗೆ ಹೋಗಬೇಡಿ. ಮಕ್ಕಳು ತಾಯಿಯಂತಿರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಇನ್ನೊಂದು ತೊಡಕೂ ಇದೆ. 1968ರಲ್ಲಿ ಜಪಾನಿನಲ್ಲಿ ಒಗುರಾ ಎಂಬ ವಿಜ್ಞಾನಿ ಮೂಲಂಗಿಯೊಂದರಲ್ಲಿ ಪರಾಗವೇ ಆಗದ ಗುಣವನ್ನು ವರದಿ ಮಾಡಿದರು. ಅದನ್ನು ಆಮೇಲೆ ಕೋಸಿಗೂ ತಂದರು. ಈಗಿನ ಎಷ್ಟೋ ಹೈಬ್ರಿಡ್ ಕೋಸುಗಳು ಆ ಬಗೆಯವು. ಹೂ ಬಿಡುತ್ತವೆ, ಆದರೆ ಹೂವಿನಲ್ಲಿ ಪರಾಗ ಇರುವುದಿಲ್ಲ. ಹದಿಮೂರು ತಿಂಗಳು ಸಾಕಿದ ಮೇಲೆ ಇದು ಗೊತ್ತಾಗುವುದು ಬೇಡ.

ಓಪನ್ ಪಾಲಿನೇಟೆಡ್ ಅಥವಾ ಏರ್‌ಲೂಮ್ ಅಂತ ಬರೆದಿರುವ ತಳಿ ತನ್ನಿ, ಅದರ ಮಕ್ಕಳು ತಾಯಿಯಂತೆಯೇ ಬರುತ್ತವೆ. ಡೇನಿಶ್ ಬಾಲ್‌ಹೆಡ್, ಲೇಟ್ ಫ್ಲ್ಯಾಟ್ ಡಚ್, ಕೋಪನ್‌ಹೇಗನ್ ಮಾರ್ಕೆಟ್, ಊರಲ್ಲಿ ಹೆಸರು ಕೇಳಿರುವ ಗೋಲ್ಡನ್ ಏಕರ್ ಎಲ್ಲ ಆಗುತ್ತವೆ. ನಮ್ಮ ನ್ಯೂಜೆರ್ಸಿ ರಾಜ್ಯದ ಹೆಸರೇ ಇರುವ ಅರ್ಲಿ ಜೆರ್ಸಿ ವೇಕ್‌ಫೀಲ್ಡ್ ಕೂಡ ಇದೆ. ಬುಗುರಿ ತಲೆಕೆಳಗಾಗಿ ಇಟ್ಟಂತೆ ಚೂಪು ನೆತ್ತಿ, ಮೆತ್ತಗಿನ ಎಲೆ, ಕೋಸಂಬರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಮೊದಲ ಸಲಕ್ಕೆ ನನ್ನ ಮತ ಡೇನಿಶ್ ಬಾಲ್‌ಹೆಡ್‌ಗೆ. ಚಳಿಗಾಲ ಇಟ್ಟು ತಿನ್ನಲೆಂದೇ ಬೆಳೆಸಿದ ತಳಿ ಅದು, ಕೂಡಿಟ್ಟರೆ ಬೇಗ ಕೆಡುವುದಿಲ್ಲ.

ಗಿಡ ಎಷ್ಟು ಬೇಕು? ಒಂದು ಗಿಡದಿಂದ ಆಗುವುದಿಲ್ಲ. ಕೋಸಿನಲ್ಲಿ ಒಂದು ಗಿಡದ ಪರಾಗ ಅದೇ ಗಿಡದ ಹೂವಿಗೆ ಹಿಡಿಯುವುದಿಲ್ಲ, ಬೇರೆ ಗಿಡದ್ದೇ ಬೇಕು. ಒಂಟಿ ಗಿಡ ಮೈತುಂಬ ಹೂ ಬಿಟ್ಟರೂ ಕಾಯೆಲ್ಲ ಜೊಳ್ಳು. ಎರಡು ಮೂರು ಗಿಡ ಇದ್ದರೆ ಬೀಜವೇನೋ ಆಗುತ್ತದೆ, ಆದರೆ ಹಾಗೇ ಮುಂದುವರಿಸಿದರೆ ನಾಲ್ಕೈದು ತಲೆಮಾರಿಗೆ ತಳಿ ಬಡವಾಗುತ್ತದೆ, ಗಡ್ಡೆ ಸಣ್ಣದಾಗುತ್ತಾ ಬರುತ್ತದೆ. ತಳಿ ಉಳಿಸುವುದನ್ನೇ ವ್ರತ ಮಾಡಿಕೊಂಡವರು ಇಪ್ಪತ್ತಕ್ಕೂ ಹೆಚ್ಚು ಗಿಡ ಇಡುತ್ತಾರೆ. ಮನೆ ಮಟ್ಟಿಗೆ ಹನ್ನೆರಡರಿಂದ ಹದಿನೈದನ್ನು ಚಳಿಗಾಲಕ್ಕೆ ಒಳಗೆ ತನ್ನಿ. ಅದರಲ್ಲಿ ಎಂಟು ಹೂವಿನ ತನಕ ಬಂದರೆ ಗೆದ್ದಂತೆ.

ಜೂನ್ ಕೊನೆಗೆ ಒಟ್ಲು

ಮೊದಲ ವರ್ಷ ನಾನು ಎಲ್ಲರಂತೆ ಏಪ್ರಿಲಿನಲ್ಲಿ ಸಸಿ ನೆಟ್ಟೆ. ಜುಲೈಗೇ ಗಡ್ಡೆ ಬಲಿತು, ಸೆಪ್ಟೆಂಬರ್ ಮಳೆಗೆ ಸೀಳಿ, ಚಳಿಗಾಲ ಬರುವ ಹೊತ್ತಿಗೆ ಮುದಿಯಾಗಿತ್ತು. ಬೀಜಕ್ಕೆ ಇಡುವ ಕೋಸು ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ಕೊನೆಯ ಹಬ್ಬ) ಹೊತ್ತಿಗೆ ಆಗಷ್ಟೇ ಗಟ್ಟಿಯಾಗುತ್ತಿರಬೇಕು. ಒತ್ತಿದರೆ ಸ್ವಲ್ಪ ಬಗ್ಗಬೇಕು. ಕಲ್ಲಿನಂತೆ ಬಲಿತದ್ದಕ್ಕಿಂತ ಈ ಅರೆಬಲಿತದ್ದೇ ಚಳಿಗಾಲವನ್ನು ಚೆನ್ನಾಗಿ ದಾಟುತ್ತದೆ.

ಆದ್ದರಿಂದ ನ್ಯೂಜೆರ್ಸಿಯ ಲೆಕ್ಕಕ್ಕೆ, ಡೇನಿಶ್ ಬಾಲ್‌ಹೆಡ್‌ನಂಥ ತಡ ತಳಿಯನ್ನು ಜೂನ್ ಕೊನೆಯ ವಾರ ಒಟ್ಲು ಹಾಕಿ (ಸಸಿಮಡಿಯಲ್ಲಿ ಬಿತ್ತಿ), ಜುಲೈ ಕೊನೆಗೆ ನಾಟಿ ಮಾಡುತ್ತೇನೆ. ಎರಡು ತಿಂಗಳಿಗೆ ಬರುವ ವೇಕ್‌ಫೀಲ್ಡ್, ಗೋಲ್ಡನ್ ಏಕರ್ ಆದರೆ ಜುಲೈ ಎರಡನೇ ಮೂರನೇ ವಾರ ಒಟ್ಲು, ಆಗಸ್ಟ್ ಕೊನೆಗೆ ನಾಟಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಬೆಳೆಸುವ ರೀತಿ ತಿನ್ನುವ ಕೋಸಿನದೇ. ಬಿಳಿ ಚಿಟ್ಟೆ ಇಡುವ ಮೊಟ್ಟೆಯಿಂದ ಬರುವ ಹಸಿರು ಹುಳುವನ್ನು ಬೆಳಗ್ಗೆ ಕೈಯಲ್ಲೇ ಆರಿಸಿ ತೆಗೆಯಿರಿ. ಸೆಪ್ಟೆಂಬರ್ ನಂತರ ಸಾರಜನಕದ ಗೊಬ್ಬರ ಬೇಡ. ಕೊಬ್ಬಿದ ಎಲೆ ಚಳಿಗೆ ಬೇಗ ಸೋಲುತ್ತದೆ.

ಅಕ್ಟೋಬರಿನಲ್ಲಿ ಒಂದು ದಿನ ಗಿಡಗಳ ಮಧ್ಯೆ ಕೂತು ಆಯ್ಕೆ ಮಾಡಿ. ಚಳಿ ಕಾಣುವ ಮೊದಲೇ ಹೂದಂಟು ಎತ್ತಿದ ಗಿಡವನ್ನು ಕಿತ್ತುಹಾಕಿ, ಆ ಗುಣ ಮುಂದಿನ ತಲೆಮಾರಿಗೆ ಬೇಡ. ಎಲೆಯ ಅಂಚಿನಿಂದ ಒಳಮುಖವಾಗಿ ಬಾಣದ ತುದಿಯಂತೆ ಹಳದಿ ಹಿಡಿದು, ಅಲ್ಲಿನ ನರ ಕಪ್ಪಾಗಿದ್ದರೆ ಅದು ಕಪ್ಪು ಕೊಳೆ ರೋಗ. ಬೀಜದ ಜೊತೆಗೇ ಮುಂದಿನ ವರ್ಷಕ್ಕೆ ಬರುತ್ತದೆ. ಅಂಥ ಗಿಡ ಎಷ್ಟೇ ದಪ್ಪ ಗಡ್ಡೆ ಕಟ್ಟಿರಲಿ, ಬೀಜಕ್ಕೆ ಇಡಬೇಡಿ. ಮಿಕ್ಕವುಗಳಲ್ಲಿ ನಿಮಗೆ ಹಿಡಿಸಿದ ಆಕಾರ, ಗಾತ್ರದವನ್ನು ಆರಿಸಿ ಬಣ್ಣದ ದಾರ ಕಟ್ಟಿ.

ನವೆಂಬರಿನಲ್ಲಿ ಕೀಳುವುದು

ಇಲ್ಲಿ ಅಕ್ಟೋಬರ್ ಕೊನೆಗೆ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಶುರು. ಒಂದೆರಡು ಸಲ ಫ್ರಾಸ್ಟ್ ಬಿದ್ದರೆ ಒಳ್ಳೆಯದೇ, ಗಿಡ ಚಳಿಗೆ ಹದವಾಗುತ್ತದೆ. ನೆಲ ಹೆಪ್ಪುಗಟ್ಟುವ ಮೊದಲು, ಅಂದರೆ ನವೆಂಬರ್ ಮೂರನೇ ವಾರದ ಹೊತ್ತಿಗೆ, ಒಣ ದಿನ ನೋಡಿಕೊಂಡು ಕೀಳಿ. ಎಲೆ ಮೇಲೆ ನೀರಿದ್ದ ದಿನ ಕಿತ್ತರೆ ಗರಾಜಿಗೆ ಬೂಷ್ಟನ್ನೂ ಕರೆದುಕೊಂಡು ಬಂದಂತೆ.

ಬುಡದಿಂದ ಮುಕ್ಕಾಲು ಅಡಿ ದೂರಕ್ಕೆ ಸುತ್ತ ಗುದ್ದಲಿ ಇಳಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ. ಕಾಂಡ ಹಿಡಿದು ಎಳೆಯಬೇಡಿ. ಎತ್ತಿದ ಮೇಲೆ ಬೇರು ನೋಡಿ: ಬೇರು ಗದೆಯಂತೆ ಗಂಟು ಗಂಟಾಗಿ ಊದಿದ್ದರೆ ಆ ಗಿಡವನ್ನು ಕಾಂಪೋಸ್ಟಿಗೂ ಹಾಕದೆ ಕಸದ ಚೀಲಕ್ಕೆ ಹಾಕಿ. ಗಂಟು ಬೇರಿನ ರೋಗ ಬೀಜದಲ್ಲಿ ಬರುವುದಿಲ್ಲ, ಆದರೆ ಮಣ್ಣು ಸೇರಿದರೆ ವರ್ಷಗಟ್ಟಲೆ ಬಿಟ್ಟುಹೋಗುವುದಿಲ್ಲ.

ಅಗಲಕ್ಕೆ ಹರಡಿಕೊಂಡ ಹೊರಗಿನ ಎಲೆಗಳನ್ನು ಚಾಕುವಿನಿಂದ ಕೊಯ್ದು, ಗಡ್ಡೆಗೆ ಅಪ್ಪಿಕೊಂಡ ಮೂರು ನಾಲ್ಕು ಎಲೆ ಮಾತ್ರ ಬಿಡಿ. ತೊಳೆಯಬೇಡಿ. ಐದು ಗ್ಯಾಲನ್ ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ಐದಾರು ತೂತು ಕೊರೆದು, ಗಿಡ ಇಟ್ಟು, ಸುತ್ತ ಒದ್ದೆ ಮರಳು ಅಥವಾ ಹಳೆಯ ಕುಂಡದ ಮಣ್ಣು ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು; ಹದ ಅಷ್ಟೇ. ಸಣ್ಣ ಗಿಡವಾದರೆ ಒಂದು ಬಕೆಟ್ಟಿಗೆ ಎರಡು ಹಿಡಿಯುತ್ತವೆ, ಆದರೆ ಗಡ್ಡೆಗೆ ಗಡ್ಡೆ ತಾಗಬಾರದು.

ಜಾಗ ಸಾಲದವರಿಗೆ ನಾನು ಹೇಳುವ ಉಪಾಯ ಬೇರೆ: ಗಡ್ಡೆಯನ್ನು ಕೊಯ್ದು ತಿನ್ನಿ. ಬುಡದ ನಾಲ್ಕೈದು ಎಲೆ ಉಳಿಸಿ, ಗಡ್ಡೆಯ ಅಡಿಗೆ ಓರೆಯಾಗಿ ಕೊಯ್ದು, ಮೊಂಡು ಕಾಂಡವನ್ನು ಬೇರಿನ ಸಮೇತ ಒಳಗೆ ತನ್ನಿ. ಸುಳಿ ಹೋದರೂ ಕಾಂಡದ ಪಕ್ಕದ ಮೊಗ್ಗುಗಳು ವಸಂತದಲ್ಲಿ ಒಡೆಯುತ್ತವೆ. ಕೊಳೆಯಲು ಗಡ್ಡೆಯೇ ಇಲ್ಲದ್ದರಿಂದ ಚಳಿಗಾಲ ಸಲೀಸು. ಆದರೆ ಪಕ್ಕದಿಂದ ಬರುವ ಹೂದಂಟುಗಳು ಸಪೂರ, ನೆಲಕ್ಕೆ ಬಾಗುತ್ತವೆ, ಬೀಜವೂ ಕಡಿಮೆ. ನಾನು ಹನ್ನೆರಡರಲ್ಲಿ ನಾಲ್ಕನ್ನು ಹೀಗೆ ಮಾಡಿ, ಎಂಟನ್ನು ಗಡ್ಡೆ ಸಮೇತ ಇಡುತ್ತೇನೆ. ನಾಲ್ಕು ಗಡ್ಡೆ ಪಲ್ಯಕ್ಕೆ, ವಡೆಗೆ.

ಡಿಸೆಂಬರ್‌ನಿಂದ ಮಾರ್ಚ್: ಗರಾಜು

ಬೇಕಾದ್ದು 0ರಿಂದ 4 ಡಿಗ್ರಿ, ಅಂದರೆ ಇಲ್ಲಿನ ಲೆಕ್ಕದಲ್ಲಿ 32ರಿಂದ 40 ಫ್ಯಾರನ್‌ಹೀಟ್, ಮತ್ತು ಒದ್ದೆ ಗಾಳಿ. ಫರ್ನೇಸ್ ಇರುವ ಬೇಸ್‌ಮೆಂಟ್ ಬೇಡ, ಅಲ್ಲಿ ಹದಿನೈದು ಡಿಗ್ರಿ ಇರುತ್ತದೆ. ಜನವರಿಯಲ್ಲೇ ಚಿಗುರು ಬಂದು ಬಿಳಚಿಕೊಂಡು ಸಾಯುತ್ತದೆ. ಮನೆಗೆ ಅಂಟಿಕೊಂಡ, ಹೀಟರ್ ಇಲ್ಲದ ಗರಾಜು ಹೇಳಿ ಮಾಡಿಸಿದ ಜಾಗ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ. ಅದನ್ನು ಗೋಡೆಗೆ ನೇತುಹಾಕದೆ ಬಕೆಟ್ಟಿನ ಪಕ್ಕ ನೆಲದ ಮೇಲೇ ಇಡಿ. ನಮ್ಮ ಗರಾಜಿನಲ್ಲಿ ಗೋಡೆಯ ಎತ್ತರಕ್ಕೂ ನೆಲಕ್ಕೂ ನಾಲ್ಕು ಡಿಗ್ರಿ ವ್ಯತ್ಯಾಸ.

ಮೊದಲ ಚಳಿಗಾಲ ನಾನು ಕೆಟ್ಟದ್ದು ಥರ್ಮಾಮೀಟರಿನಿಂದಲ್ಲ, ಸೇಬಿನಿಂದ. ಅಕ್ಟೋಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಹೋಗಿ ಕೊಯ್ದು ತಂದ ಒಂದು ಪೆಟ್ಟಿಗೆ ಸೇಬು ಅದೇ ಮೂಲೆಯಲ್ಲಿತ್ತು. ಹಣ್ಣಾಗುವ ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಕೋಸಿಗೆ ಅದು ಆಗದು. ಮೂರು ವಾರದಲ್ಲಿ ಎಲೆಗಳು ಹಳದಿಯಾಗಿ ಬುಡದಲ್ಲೇ ಕಳಚಿ ಬೀಳತೊಡಗಿದವು. ನಾನು ನೀರು ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ನೀರು ಹಾಕಿದೆ, ಗಡ್ಡೆಗಳು ಕೊಳೆತವು. ಕಾರಿನ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಹಾಗಾಗಿ ಈಗ ಡಿಸೆಂಬರಿಂದ ಮಾರ್ಚ್ ತನಕ ನಮ್ಮ ಯಜಮಾನರ ಕಾರು ಹೊರಗೆ ನಿಲ್ಲುತ್ತದೆ. ಬೆಳಗ್ಗೆ ಗಾಜಿನ ಮೇಲಿನ ಹಿಮ ಕೆರೆಯುವಾಗ ಅವರು ಏನನ್ನುತ್ತಾರೆ ಎಂದು ಇಲ್ಲಿ ಬರೆಯುವುದಿಲ್ಲ.

ವಾರಕ್ಕೊಂದು ದಿನ ಹತ್ತು ನಿಮಿಷ ಕೊಡಿ. ಹಳದಿ ಎಲೆ ಕಂಡರೆ ತೆಗೆಯಿರಿ. ಬೂದು ಬೂಷ್ಟು ಹಿಡಿದ ಎಲೆಯನ್ನು ಅಲ್ಲಾಡಿಸದೆ ಕೊಯ್ದು ಚೀಲಕ್ಕೆ ಹಾಕಿ. ಮರಳಿನೊಳಗೆ ಬೆರಳಿಟ್ಟು ನೋಡಿ, ಎರಡು ಗೆಣ್ಣು ಆಳಕ್ಕೂ ಒಣಗಿದ್ದರೆ ಮಾತ್ರ ಒಂದು ಲೋಟ ನೀರು, ಅದೂ ಬುಡಕ್ಕೆ. ಎರಡು ಮೂರು ವಾರಕ್ಕೊಮ್ಮೆ ಸಾಕಾಗುತ್ತದೆ. ಹೊರಗೆ ಮೈನಸ್ ಹನ್ನೆರಡಕ್ಕೆ ಇಳಿಯುವ ರಾತ್ರಿಗಳಲ್ಲಿ ಗರಾಜಿನಲ್ಲೂ ಸೊನ್ನೆಯ ಕೆಳಗಾಗುತ್ತದೆ. ಆಗ ಬಕೆಟ್ಟುಗಳನ್ನು ಒಟ್ಟಿಗೆ ಸರಿಸಿ ಹಳೆಯ ಕಂಬಳಿ ಹೊದಿಸಿ. ಎಲೆ ಹೆಪ್ಪುಗಟ್ಟಿ ಗಾಜಿನಂತಾಗಿದ್ದರೆ ಮುಟ್ಟಬೇಡಿ. ತಾನಾಗಿ ಕರಗಿದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ, ಕೈ ಹಾಕಿದ ಕಡೆಯಲ್ಲೆಲ್ಲ ಕಪ್ಪಾಗುತ್ತದೆ.

ಫೆಬ್ರವರಿಯಲ್ಲಿ ಒಂದೆರಡು ಗಡ್ಡೆ ಕೆಟ್ಟ ವಾಸನೆ ಹೊಡೆಯುತ್ತವೆ. ಎದೆಗುಂದಬೇಡಿ. ಚೂಪು ಚಾಕು ತಗೊಂಡು ಕೊಳೆತದ್ದನ್ನೆಲ್ಲ ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಬಿಡಿಸಿ, ಬಿಳೀ ದಿಂಡು ಕಾಣುವ ತನಕ ಹೋಗಿ. ದಿಂಡು ಗಟ್ಟಿಯಾಗಿ, ಬೆಳ್ಳಗೆ ಇದ್ದರೆ ಗಿಡ ಬದುಕಿದೆ. ಕೊಯ್ದ ಜಾಗಕ್ಕೆ ಒಂದಿಷ್ಟು ಒಣ ಬೂದಿ ಸವರಿ ಹಾಗೇ ಬಿಡಿ. ದಿಂಡೇ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಮಾತ್ರ ಎಸೆಯಿರಿ. ಕಳೆದ ಸಲ ನನ್ನ ಎಂಟರಲ್ಲಿ ಎರಡು ಹೀಗೆ ಬರೀ ದಿಂಡಾಗಿ ಹೊರಬಂದವು, ಎರಡೂ ಹೂ ಬಿಟ್ಟವು.

ಹೊರಗೇ ಬಿಟ್ಟರೆ?

ಇಂಗ್ಲೆಂಡಿನಲ್ಲಿ ಇರುವವರು, ಸಿಯಾಟಲ್ ಕಡೆಯವರು ಇಷ್ಟೆಲ್ಲ ಒದ್ದಾಡಬೇಕಿಲ್ಲ. ಜನವರಿ ಕಿಂಗ್‌ನಂಥ ಗಟ್ಟಿ ತಳಿ ಅಲ್ಲಿ ಪಾತಿಯಲ್ಲೇ ನಿಂತು ಚಳಿಗಾಲ ಕಳೆಯುತ್ತದೆ. ನ್ಯೂಜೆರ್ಸಿಯಲ್ಲಿ ಹೊರಗೆ ಬಿಡುವುದು ಜೂಜು. ಕೋಸನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವ ಆಟ. ಬಲಿತ ಗಡ್ಡೆಯೊಳಗೆ ನೀರು ಇಳಿದು ನಿಂತು ಸುಳಿಯ ತನಕ ಕೊಳೆಯುತ್ತದೆ. ಹಾಗಿದ್ದೂ ಹೊರಗೇ ಮಾಡಬೇಕೆಂದರೆ ಆಗಸ್ಟ್ ಮಧ್ಯದಲ್ಲಿ ಬಿತ್ತಿ, ಚಳಿಗಾಲಕ್ಕೆ ಎಂಟು ಹತ್ತು ಎಲೆಯ, ಹೆಬ್ಬೆರಳು ದಪ್ಪದ ಕಾಂಡದ ಗಿಡ ಇರುವಂತೆ ನೋಡಿಕೊಳ್ಳಿ. ನೆಲ ಹೆಪ್ಪುಗಟ್ಟಲು ಶುರುವಾದ ಮೇಲೆ ಒಂದಡಿ ದಪ್ಪ ಒಣಹುಲ್ಲು ಹೊದಿಸಿ. ಹುಲ್ಲಿನಡಿ ಇಲಿ ಸೇರದಂತೆ ಸುತ್ತ ತಂತಿ ಬಲೆ ಬೇಕು. ಗಡ್ಡೆ ಕಟ್ಟುವ ಮೊದಲೇ ಹೂವಿಗೆ ಹೋಗುವುದರಿಂದ ಯಾವ ಗಿಡದ ಗಡ್ಡೆ ಚೆನ್ನ ಅಂತ ಗೊತ್ತಾಗುವುದೇ ಇಲ್ಲ. ಕಣ್ಣುಮುಚ್ಚಿ ಬೀಜ ಹಿಡಿಯುವ ಆ ಕ್ರಮ ನನಗೆ ಹಿಡಿಸುವುದಿಲ್ಲ.

ಏಪ್ರಿಲ್: ಮರುನಾಟಿ, ನೆತ್ತಿಗೆ ಗೀರು

ಮಾರ್ಚ್ ಕೊನೆಗೆ ನೆಲ ಕರಗಿ, ಕೈಯಲ್ಲಿ ಹಿಡಿದ ಮಣ್ಣು ಪುಡಿಯಾಗುವ ಹೊತ್ತಿಗೆ ಬಕೆಟ್ಟುಗಳನ್ನು ಹೊರಗೆ ತನ್ನಿ. ಮೊದಲ ವಾರ ನೆರಳಲ್ಲಿಡಿ. ನಾಲ್ಕು ತಿಂಗಳು ಕತ್ತಲೆಯಲ್ಲಿದ್ದ ಎಲೆಗೆ ನೇರ ಬಿಸಿಲು ಬಿದ್ದರೆ ಕಾಗದದಂತೆ ಬೆಳ್ಳಗಾಗುತ್ತದೆ. ಆಮೇಲೆ ಎರಡೂವರೆ ಅಡಿಗೆ ಒಂದರಂತೆ, ಗಡ್ಡೆಯ ಬುಡ ಮಣ್ಣಿಗೆ ತಾಗುವಷ್ಟು ಆಳಕ್ಕೆ ನೆಡಿ. ಒಂದೇ ಸಾಲಿಗಿಂತ ಗುಂಪಾಗಿ ನೆಟ್ಟರೆ ಜೇನಿಗೆ ಗಿಡದಿಂದ ಗಿಡಕ್ಕೆ ಹೋಗಲು ಸುಲಭ. ಒಂದು ಬೊಗಸೆ ಕಾಂಪೋಸ್ಟ್, ಧಾರಾಳವಾಗಿ ನೀರು.

ಗಡ್ಡೆ ಗಟ್ಟಿಯಾಗಿದ್ದರೆ ಒಳಗಿನ ಹೂದಂಟಿಗೆ ಹೊರಬರಲು ದಾರಿ ಇರುವುದಿಲ್ಲ, ಒಳಗೇ ಸುತ್ತಿ ಮುರಿಯುತ್ತದೆ. ನೆತ್ತಿಯ ಮೇಲೆ ಅಡ್ಡ ಒಂದು, ಉದ್ದ ಒಂದು, ಕೂಡಿಸುವ ಚಿಹ್ನೆಯಂತೆ ಗೀರು ಹಾಕಿ. ಆಳ ಒಂದಂಗುಲ, ಅದಕ್ಕಿಂತ ಹೆಚ್ಚು ಬೇಡ. ಮೊದಲು ಸೀಳಿ ನೋಡಿದ ಕೋಸನ್ನು ನೆನಪಿಸಿಕೊಳ್ಳಿ: ಸುಳಿ ಇರುವುದು ಸುಮಾರು ನಡುಮಟ್ಟದಲ್ಲಿ, ಅಲ್ಲಿಗೆ ಚಾಕು ಮುಟ್ಟಬಾರದು. ಹತ್ತು ಹದಿನೈದು ದಿನಕ್ಕೆ ಗೀರು ತಾನಾಗಿ ಅಗಲವಾಗಿ, ನಾಲ್ಕು ಮೂಲೆಯೂ ಹೊರಕ್ಕೆ ಬಾಗಿ, ನಡುವಿನಿಂದ ನೇರಳೆ ಛಾಯೆಯ ಒಂದು ಹಸಿರು ಕೊಂಬು ತಲೆ ಹಾಕುತ್ತದೆ. ನನ್ನ ಮಗಳು ಅದನ್ನು ಮೊಟ್ಟೆ ಒಡೆದು ಬರುವ ಡೈನೋಸಾರ್ ಅಂದಳು.

ಅಲ್ಲಿಂದ ಓಟ. ಮೂರು ವಾರದಲ್ಲಿ ನಾಲ್ಕೈದು ಅಡಿ. ಪ್ರತಿ ಗಿಡದ ಪಕ್ಕ ಆರಡಿ ಗೂಟ ಈಗಲೇ ಊರಿ, ಹೂ ಬಂದ ಮೇಲೆ ಊರಲು ಹೋದರೆ ಬೇರು ಕಡಿಯುತ್ತದೆ. ಹಳೆಯ ಕಾಟನ್ ಪಟ್ಟಿಯಲ್ಲಿ ಎರಡು ಮೂರು ಕಡೆ ಸಡಿಲವಾಗಿ ಕಟ್ಟಿ. ಕಾಯಿ ತುಂಬಿದ ಮೇಲೆ ಗಿಡದ ಭಾರ ನಿಮ್ಮ ಎಣಿಕೆಗೆ ಸಿಗುವುದಿಲ್ಲ. ಜೂನ್ ತಿಂಗಳ ಒಂದು ಗುಡುಗು ಮಳೆಗೆ ಗೂಟವಿಲ್ಲದ ಗಿಡ ಮಲಗಿದರೆ ಮತ್ತೆ ಏಳುವುದಿಲ್ಲ.

ಮೇ: ಹೂವು, ಜೇನು, ಮೂಲೆಯ ಕೇಲ್

ಈಗ ಎಚ್ಚರವಾಗಿರಬೇಕಾದ ಕಾಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಗಡ್ಡೆ ಕಟ್ಟದ ಸೊಪ್ಪುಗಳಾದ ಕೇಲ್ ಮತ್ತು ಕಾಲರ್ಡ್, ಬ್ರಸೆಲ್ಸ್ ಸ್ಪ್ರೌಟ್ಸ್, ಇವೆಲ್ಲ ಒಂದೇ ಪ್ರಭೇದ. ನೋಡಲು ಬೇರೆ ಬೇರೆ, ಜೇನಿಗೆ ಎಲ್ಲ ಒಂದೇ. ಯಾವುದರ ಪರಾಗ ಯಾವುದಕ್ಕೆ ಬೇಕಾದರೂ ಹಿಡಿಯುತ್ತದೆ. ಸಾಸಿವೆ, ಮೂಲಂಗಿ, ಚೈನೀಸ್ ಕ್ಯಾಬೇಜ್ ಇವು ಬೇರೆ ಪ್ರಭೇದದವು, ಅವುಗಳ ಚಿಂತೆ ಬೇಡ. ಮೇ ತಿಂಗಳಲ್ಲಿ ರಸ್ತೆ ಬದಿಯಲ್ಲಿ ಹಳದಿಯಾಗಿ ಹರಡಿಕೊಳ್ಳುವ ಯೆಲ್ಲೋ ರಾಕೆಟ್ ಕಳೆಯದ್ದೂ ಬೇಡ.

ನನ್ನ ಮೊದಲ ಬೀಜ ಕೆಟ್ಟದ್ದು ಇಲ್ಲಿ. ಬೇಲಿ ಮೂಲೆಯಲ್ಲಿ ಮರೆತಿದ್ದ ನಾಲ್ಕು ಕೇಲ್ ಗಿಡ ಹಿಮದಡಿಯಲ್ಲೂ ಬದುಕಿ, ಕೋಸಿನ ಜೊತೆಗೇ ಹೂ ಬಿಟ್ಟಿದ್ದವು. ಎರಡೂ ಹಳದಿ, ಚೆಂದ ಕಂಡಿತು, ಬಿಟ್ಟೆ. ಮುಂದಿನ ವರ್ಷ ಆ ಬೀಜ ಬಿತ್ತಿದರೆ ಇಪ್ಪತ್ತನಾಲ್ಕು ಸಸಿಯಲ್ಲಿ ಒಂಬತ್ತು ಗಡ್ಡೆಯನ್ನೇ ಕಟ್ಟಲಿಲ್ಲ. ಅಂಚೆಲ್ಲ ನೆರಿಗೆ, ಎಲೆ ದಪ್ಪ, ಮಧ್ಯೆ ಸಡಿಲವಾಗಿ ಸುತ್ತಿಕೊಂಡ ಒಂದು ಕುಚ್ಚು. ಬಸ್ಸಾರಿಗೆ ಚೆನ್ನಾಗಿತ್ತು ಅನ್ನುವುದು ಬೇರೆ ಮಾತು.

ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಕೋಸಿನ ಬೀಜ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ. ಅಲ್ಲಿನ ಬೆಳೆಗಾರರು ಒಟ್ಟಿಗೆ ಕೂತು, ನಕ್ಷೆಯ ಮೇಲೆ ಪಿನ್ ಚುಚ್ಚಿ, ಯಾರ ಬೀಜದ ಹೊಲ ಎಲ್ಲಿ ಅಂತ ಗುರುತಿಸಿಕೊಂಡೇ ಬಿತ್ತುವುದು. (ಆ ಕಡೆ ಮನೆಯಿರುವವರು ಕೋಸನ್ನು ಹೂವಿಗೆ ಬಿಡುವ ಮೊದಲು ಕೌಂಟಿ ಎಕ್ಸ್‌ಟೆನ್ಷನ್ ಕಚೇರಿಯನ್ನು (ಸ್ಥಳೀಯ ಕೃಷಿ ಸಲಹಾ ಕಚೇರಿ) ಕೇಳಿ, ನಿಯಮಗಳಿವೆ.) ಭಾರತದಲ್ಲೂ ಪ್ರಮಾಣಿತ ಬೀಜಕ್ಕೆ ಒಂದು ತಳಿಯಿಂದ ಇನ್ನೊಂದಕ್ಕೆ ಕಿಲೋಮೀಟರ್ ದೂರ ಬಿಡಬೇಕು. ಕಾಲೆಕರೆ ಸೈಟಿನವರಿಗೆ ಅಷ್ಟು ದೂರ ಎಲ್ಲಿಂದ ಬರಬೇಕು? ನಾನು ಮಾಡುವುದು ಇಷ್ಟು: ಏಪ್ರಿಲ್ ಕೊನೆಗೆ ವಾಕಿಂಗ್ ಹೋಗುವಾಗ ಸುತ್ತಲಿನ ಹಿತ್ತಲುಗಳ ಮೇಲೆ ಕಣ್ಣಾಡಿಸುತ್ತೇನೆ. ಕೇಲ್ ಹೂ ಕಂಡರೆ ಬಾಗಿಲು ತಟ್ಟಿ, ವಿಷಯ ಹೇಳಿ, ಹೂ ಚಿವುಟಲು ಕೇಳುತ್ತೇನೆ. ಆ ಎಳೆ ಹೂಗೊಂಚಲು ಬ್ರೊಕೊಲಿಯಂತೆ ತಿನ್ನಬಹುದು ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಪೂರ್ತಿ ಶುದ್ಧ ತಳಿ ಬೇಕೆನ್ನುವವರು ಎಲ್ಲ ಗಿಡಗಳನ್ನೂ ಸೇರಿಸಿ ಸಣ್ಣ ಕಣ್ಣಿನ ಪರದೆ ಕಟ್ಟಿ, ದಿನಾ ಬೆಳಗ್ಗೆ ಬಣ್ಣದ ಕುಂಚದಲ್ಲಿ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಬೇಕು. ನಾನೊಮ್ಮೆ ಮೂರು ದಿನ ಮಾಡಿ ಬಿಟ್ಟೆ.

ಹೂದಂಟಿನ ತುದಿಗೆ ಬೂದು ಬಣ್ಣದ ಹೇನು ಗುಂಪು ಕಟ್ಟಿದರೆ ಪೈಪಿನ ನೀರು ಜೋರಾಗಿ ಹೊಡೆಯಿರಿ, ತೀರಾ ಮೆತ್ತಿದ ತುದಿಯನ್ನು ಮುರಿದುಹಾಕಿ. ಹೂ ಇರುವ ತನಕ ಯಾವ ಔಷಧವನ್ನೂ ಸಿಂಪಡಿಸಬೇಡಿ, ಜೇನು 'ನಮ್ಮ ಕೂಲಿಯಾಳು'.

ಜುಲೈ: ಹಕ್ಕಿಗಿಂತ ಮೊದಲು

ಕಾಯಿ ಸಾಸಿವೆ ಕಾಯಿಯಂತೆಯೇ, ಸಪೂರ, ಬೆರಳುದ್ದ, ಒಳಗೆ ಹತ್ತಿಪ್ಪತ್ತು ಬೀಜ. ಕೆಳಗಿನವು ಮೊದಲು ಬಲಿಯುತ್ತವೆ, ತುದಿಯವು ಕೊನೆಗೆ. ಎಲ್ಲವೂ ಬಲಿಯಲಿ ಅಂತ ಕಾದರೆ ಕೆಳಗಿನವು ಸಿಡಿದು ಬೀಜ ನೆಲದ ಪಾಲಾಗುತ್ತದೆ. ಅಷ್ಟರೊಳಗೆ ನ್ಯೂಜೆರ್ಸಿಯ ರಾಜ್ಯಪಕ್ಷಿ ಗೋಲ್ಡ್‌ಫಿಂಚ್ ಬರುತ್ತದೆ. ಹಳದಿ ಮೈ, ಕಪ್ಪು ರೆಕ್ಕೆ, ದಂಟಿಗೆ ತಲೆಕೆಳಗಾಗಿ ಜೋತು ಕಾಯಿ ಸೀಳಿ ತಿನ್ನುತ್ತದೆ. ನೋಡಲು ಬಲು ಸೊಗಸು, ಹಾಗಾಗಿ ಓಡಿಸಲು ಮನಸ್ಸು ಬರುವುದಿಲ್ಲ. ಕಾಯಿ ಹಳದಿಗೆ ತಿರುಗುವ ಮೊದಲೇ ಬಲೆ ಹಾಕಿಬಿಡಿ.

ಮೂರರಲ್ಲಿ ಎರಡು ಪಾಲು ಕಾಯಿ ಒಣಹುಲ್ಲಿನ ಬಣ್ಣಕ್ಕೆ ಬಂದಾಗ ಒಂದು ಕಾಯಿ ಬಿಡಿಸಿ ನೋಡಿ. ಬೀಜ ಕಂದು ಬಣ್ಣಕ್ಕೆ ತಿರುಗಿ, ಉಗುರಿಗೆ ಗಟ್ಟಿಯಾಗಿದ್ದರೆ ಕೊಯ್ಲಿನ ಹೊತ್ತು ಬಂತು. ಬೆಳಗ್ಗೆ ಇಬ್ಬನಿ ಇರುವಾಗಲೇ ದಂಟನ್ನು ಬುಡಕ್ಕೆ ಕೊಯ್ಯಿರಿ, ಮಧ್ಯಾಹ್ನವಾದರೆ ಮುಟ್ಟಿದರೆ ಸಾಕು ಸಿಡಿಯುತ್ತದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಗರಾಜಿಗೆ ತಂದು, ಫ್ಯಾನ್ ಕೆಳಗೆ ಎರಡು ವಾರ ಹರಡಿ.

ಒಕ್ಕಣೆ ರಾಗಿಗಿಂತ ಸುಲಭ. ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಲೆ ನಡೆದಾಡಿ. ಜರಡಿ ಹಿಡಿದು, ಮೊರದಲ್ಲಿ ಕೇರಿ. ಅಮ್ಮ ಊರಿಂದ ಕಳಿಸಿದ ಮೊರ ಇಷ್ಟು ವರ್ಷ ಗೋಡೆಗೆ ಅಲಂಕಾರವಾಗಿ ನೇತಾಡುತ್ತಿತ್ತು. ಸುಕ್ಕುಗಟ್ಟಿದ, ಬಣ್ಣ ಬಿಳಚಿದ ಬೀಜ ಹೊಟ್ಟಿನ ಜೊತೆ ಹಾರಿಹೋಗಲಿ.

ಕಪ್ಪು ಕೊಳೆಯ ಅನುಮಾನ ಒಂದಿಷ್ಟಿದ್ದರೂ ಬೀಜಕ್ಕೆ ಬಿಸಿನೀರಿನ ಉಪಚಾರ ಮಾಡಿ: ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಆಮೇಲೆ ಸರಿಯಾಗಿ 50 ಡಿಗ್ರಿ ನೀರಿನಲ್ಲಿ 25 ನಿಮಿಷ, ಕೂಡಲೇ ತಣ್ಣೀರಿಗೆ ಹಾಕಿ, ಹರಡಿ ಒಣಗಿಸಿ. ಎರಡು ಡಿಗ್ರಿ ಹೆಚ್ಚಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಒಲೆಯ ಮೇಲೆ ಪಾತ್ರೆ ಇಟ್ಟು ಇದನ್ನು ಮಾಡಲಾಗದು. ನೀರಿನ ಶಾಖವನ್ನು ಒಂದೇ ಸಮ ಕಾಯುವ ಸೂವಿಡ್ ಯಂತ್ರ ಇದ್ದರೆ ಮಾತ್ರ ಕೈ ಹಾಕಿ.

ಚೆನ್ನಾಗಿ ಒಣಗಿದ ಬೀಜ ಸುತ್ತಿಗೆಯ ಏಟಿಗೆ ಪುಡಿಯಾಗಬೇಕು, ಜಜ್ಜಿದಂತಾದರೆ ಇನ್ನೊಂದು ವಾರ ಒಣಗಿಸಿ. ಗಾಜಿನ ಸೀಸೆಗೆ ಹಾಕಿ, ತಳಿಯ ಹೆಸರು, ವರ್ಷ, ಎಷ್ಟು ಗಿಡದ ಬೀಜ ಅಂತ ಬರೆದು ಫ್ರಿಜ್ಜಿನಲ್ಲಿಡಿ. ಅಡುಗೆಮನೆಯ ಕಪಾಟಿನಲ್ಲಂತೂ ಇಡಲೇಬೇಡಿ, ಕಣ್ಣಿಗೆ ಸಾಸಿವೆಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಪ್ಪತ್ತು ಬೀಜವನ್ನು ಒದ್ದೆ ಪೇಪರ್ ಟವಲ್ಲಿನಲ್ಲಿ ಸುತ್ತಿಟ್ಟರೆ ನಾಲ್ಕೈದು ದಿನಕ್ಕೆ ಮೊಳಕೆ ಎಣಿಸಬಹುದು. ಹದಿನಾರು ದಾಟಿದರೆ ಒಳ್ಳೆಯ ಬೀಜ.

ಊರಿಗೆ ಒಯ್ಯುವ ಆಸೆ ಬೇಡ. ಬೀಜ ಸಾಗಿಸಲು ಭಾರತದಲ್ಲಿ ಆಮದು ಪರವಾನಗಿ, ಇಲ್ಲಿಂದ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು, ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರುವ ವಸ್ತು ಅಲ್ಲ. ಅಪ್ಪ ಕೇಳಿದಾಗಲೂ ಇದನ್ನೇ ಹೇಳಿದೆ.

ಈ ಬೀಜ ಕೈಗೆ ಬರುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ, ತಡ ತಳಿಯ ಒಟ್ಲಿನ ಕಾಲ ಮುಗಿದಿರುತ್ತದೆ. ಬಿತ್ತುವುದು ಮುಂದಿನ ಜೂನಿನಲ್ಲೇ. ಹಾಗಂತ ವರ್ಷವೂ ಗರಾಜು ತುಂಬಿಸಬೇಕಾಗಿಲ್ಲ. ಒಂದು ಗ್ರಾಮಿಗೆ 250ರಿಂದ 300 ಬೀಜ, ಒಣ ತಂಪಿನಲ್ಲಿ ನಾಲ್ಕೈದು ವರ್ಷ ಕೆಡುವುದಿಲ್ಲ, ನನ್ನ ಎಂಟು ಗಿಡಕ್ಕೆ ಅರ್ಧ ಲೋಟ ಬೀಜ ಬಂತು. ಮೂರು ವರ್ಷಕ್ಕೊಮ್ಮೆ ಮಾಡಿದರೆ ಧಾರಾಳ. ಈ ಚಳಿಗಾಲ ಕಾರು ಒಳಗಿದೆ.